ವ್ಯಸನಿಗೆ ಔಷಧ ಕೊಡುವುದು ಅಮಲಿಗೆ ಅನುಮತಿಯಲ್ಲ

ಹೊಳಲ್ಕೆರೆ ತಾಲೂಕಿನ ಬಿ.ದುರ್ಗ ಹೋಬಳಿಯ ತಂದೆಯೊಬ್ಬರು ಇತ್ತೀಚೆಗೆ ಜುಮಾ ನಮಾಝ್ ಮುಗಿದ ಬಳಿಕ ನಮ್ಮನ್ನು ಭೇಟಿಯಾದರು. ಜನರೆಲ್ಲ ಹೋಗುವವರೆಗೆ ಕಾದು, ಜೇಬಿನಿಂದ ಮಾತ್ರೆಯ ಹಾಳೆಯೊಂದನ್ನು ತೆಗೆದು ತೋರಿಸಿದರು. ಅವರ ಮಗ ಹೆದ್ದಾರಿಯ ಲಾರಿಯಲ್ಲಿ ಕ್ಲೀನರ್ ಆಗಿದ್ದವನು. ಬೆನ್ನು ನೋವಿಗೆಂದು ಯಾರೋ ಕೊಟ್ಟ ಮಾತ್ರೆಯಿಂದ ಆರಂಭವಾದ ಅಭ್ಯಾಸ, ಅದೇ ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುವಲ್ಲಿಗೆ ಮುಟ್ಟಿತ್ತು. ಎರಡು ಸಲ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದರು. ಎರಡು ಸಲವೂ ಮರಳಿ ಬಂದ ಕೆಲವೇ ವಾರಗಳಲ್ಲಿ ಅವನು ಹಳೆಯ ದಾರಿಗೇ ಹೋದ. ಮೂರನೆಯ ಸಲ ಬೆಂಗಳೂರಿನ ವೈದ್ಯರು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಈ ಮಾತ್ರೆಯನ್ನು ಬರೆದುಕೊಟ್ಟರು. ನಾಲ್ಕು ತಿಂಗಳಿಂದ ಮಗ ಸೂಜಿ ಮುಟ್ಟಿಲ್ಲ. ಕೆಲಸಕ್ಕೆ ಹೋಗುತ್ತಿದ್ದಾನೆ, ಮನೆಯವರೊಂದಿಗೆ ಕುಳಿತು ಊಟ ಮಾಡುತ್ತಿದ್ದಾನೆ.

ಆದರೆ ಆ ಮಾತ್ರೆಯೂ ಅಫೀಮಿನ ವರ್ಗಕ್ಕೇ ಸೇರಿದ್ದು ಎಂಬ ಸುದ್ದಿ ಬಂಧುಗಳ ಕಿವಿಗೆ ಬಿತ್ತು. “ಕೆಸರನ್ನು ಕೆಸರಿನಿಂದ ತೊಳೆಯುತ್ತಾರೆಯೇ?” ಎಂದು ಹಿರಿಯರೊಬ್ಬರು ಕೇಳಿದರಂತೆ. ತಂದೆಯ ಪ್ರಶ್ನೆ ಚಿಕ್ಕದಾಗಿತ್ತು: “ಮೌಲಾನಾ, ಇದನ್ನು ನಿಲ್ಲಿಸಿಬಿಡಲೇ?”

ನಿಲ್ಲಿಸಬೇಡಿ ಎಂದು ನಾವು ಹೇಳಿದೆವು. ಯಾಕೆಂಬುದನ್ನು ಆ ನಿಂತ ಕಾಲಲ್ಲಿ ವಿವರಿಸಲು ಸಾಧ್ಯವಿರಲಿಲ್ಲ. ಅವರಿಗೆ ಬಾಕಿ ಉಳಿಸಿಕೊಂಡ ಆ ವಿವರಣೆಯನ್ನು ಇಲ್ಲಿ ನೀಡುತ್ತಿದ್ದೇವೆ. ಯಾಕೆಂದರೆ ಈ ಪ್ರಶ್ನೆ ಅವರೊಬ್ಬರದಲ್ಲ.

2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಪ್ರಕಟಿಸಿದ, ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ಜನರಲ್ಲಿ ಶೇ. 2ಕ್ಕಿಂತ ಹೆಚ್ಚು ಮಂದಿ ಅಫೀಮು, ಹೆರಾಯಿನ್ ಅಥವಾ ಅದೇ ವರ್ಗದ ನೋವು ನಿವಾರಕ ಮಾತ್ರೆಗಳನ್ನು ಬಳಸುತ್ತಾರೆ. ಅವರಲ್ಲಿ ಸುಮಾರು 60 ಲಕ್ಷ ಮಂದಿಗೆ ಚಿಕಿತ್ಸೆಯ ನೆರವು ಬೇಕು. ಸೂಜಿಯ ಮೂಲಕ ಮಾದಕ ವಸ್ತು ಸೇವಿಸುವವರು ಸುಮಾರು 8.5 ಲಕ್ಷ. ಇದು ಪಂಜಾಬ್ ಮತ್ತು ಈಶಾನ್ಯ ರಾಜ್ಯಗಳ ಸಮಸ್ಯೆ, ನಮ್ಮದಲ್ಲ ಎಂದು ಕರ್ನಾಟಕ ಬಹುಕಾಲ ನಂಬಿತ್ತು. ಆ ನಂಬಿಕೆಗೆ ಈಗ ಆಧಾರವಿಲ್ಲ. ಟಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುವ ಯುವಕರು ಚಿಕಿತ್ಸೆಗೆ ಬರುತ್ತಿರುವುದನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ. ಬಾಯಿಯಿಂದ ನುಂಗಲೆಂದು ತಯಾರಿಸಿದ ಮಾತ್ರೆಯಲ್ಲಿ ಕರಗದ ಪುಡಿ ಇರುತ್ತದೆ. ಅದು ರಕ್ತನಾಳವನ್ನು ಕಟ್ಟಿಹಾಕುತ್ತದೆ, ಹುಣ್ಣಾಗಿಸುತ್ತದೆ, ಕೆಲವೊಮ್ಮೆ ಕೈಕಾಲು ಕೊಳೆಯುವಂತೆ ಮಾಡುತ್ತದೆ. ಒಂದೇ ಸೂಜಿಯನ್ನು ಹಲವರು ಹಂಚಿಕೊಂಡರೆ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಬೆನ್ನಿಗೇ ಬರುತ್ತವೆ. ನ್ಯಾಕೋದ 2021ರ ನಿಗಾ ಸಮೀಕ್ಷೆಯಲ್ಲಿ ಸೂಜಿ ಬಳಸುವ ವ್ಯಸನಿಗಳಲ್ಲಿ ಶೇ. 9ರಷ್ಟು ಮಂದಿಗೆ ಎಚ್‌ಐವಿ ಸೋಂಕು ಕಂಡುಬಂದಿತ್ತು. ದೇಶದ ಒಟ್ಟು ವಯಸ್ಕರಲ್ಲಿ ಆ ಪ್ರಮಾಣ ಶೇ. 0.2ರ ಆಸುಪಾಸು.

ಈಗ ಆ ಮಾತ್ರೆಯ ವಿಷಯಕ್ಕೆ ಬರೋಣ. ಅದರ ಹೆಸರು ಬುಪ್ರೆನಾರ್ಫಿನ್. ಹೆರಾಯಿನ್ ಅಥವಾ ಟಪೆಂಟಡಾಲ್‌ಗೆ ಒಗ್ಗಿಹೋದ ದೇಹ ಅದು ಸಿಗದಿದ್ದಾಗ ಬಂಡಾಯವೇಳುತ್ತದೆ. ಕಣ್ಣು ಮೂಗಿನಲ್ಲಿ ನೀರು, ಬೆವರು, ಮೂಳೆ ಮುರಿದಂತಹ ನೋವು, ವಾಂತಿ ಭೇದಿ, ನಿದ್ದೆಯಿಲ್ಲದ ರಾತ್ರಿಗಳು. ಈ ಹಂತ ತಲುಪಿದವನು ಸುಖಕ್ಕಾಗಿ ಅದನ್ನು ಸೇವಿಸುವುದಿಲ್ಲ, ಎದ್ದು ನಿಲ್ಲುವುದಕ್ಕಾಗಿ ಸೇವಿಸುತ್ತಾನೆ. ಬುಪ್ರೆನಾರ್ಫಿನ್ ಮೆದುಳಿನಲ್ಲಿ ಅದೇ ಜಾಗದಲ್ಲಿ ಹೋಗಿ ಕೂರುತ್ತದೆ, ಆದರೆ ಅರ್ಧ ಬಾಗಿಲನ್ನು ಮಾತ್ರ ತೆರೆಯುತ್ತದೆ. ಒಂದು ಮಿತಿಯಾಚೆ ಎಷ್ಟು ಹೆಚ್ಚು ಸೇವಿಸಿದರೂ ಅದರ ಪರಿಣಾಮ ಏರುವುದಿಲ್ಲ. ಅದು ಒಂದು ದಿನ ಅಥವಾ ಇನ್ನೂ ಹೆಚ್ಚು ಹೊತ್ತು ಆ ಜಾಗವನ್ನು ಹಿಡಿದಿಡುವುದರಿಂದ ದೇಹದ ಬಂಡಾಯ ಅಡಗುತ್ತದೆ. ಮೇಲೆ ಹೆರಾಯಿನ್ ಚುಚ್ಚಿಕೊಂಡರೂ ಅದಕ್ಕೆ ಕೂರಲು ಜಾಗವಿರುವುದಿಲ್ಲ. ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳದಿರಲೆಂದು ಇದರ ಜೊತೆ ನಾಲೊಕ್ಸೋನ್ ಎಂಬ ಇನ್ನೊಂದು ಔಷಧವನ್ನೂ ಬೆರೆಸುವುದುಂಟು. ನಾಲಿಗೆಯ ಕೆಳಗಿಟ್ಟಾಗ ಅದು ಸುಮ್ಮನಿರುತ್ತದೆ, ನರಕ್ಕೆ ಹೋದರೆ ಅಮಲನ್ನು ಅಳಿಸಿ ಹಾಕುತ್ತದೆ.

ಹಾಗಾದರೆ ಎಲ್ಲವನ್ನೂ ಒಮ್ಮೆಲೇ ಬಿಡಿಸುವುದೇ ಉತ್ತಮವಲ್ಲವೇ? ಕೇಳಲು ಬಹಳ ಚೆನ್ನಾಗಿರುವ ಮಾತು ಇದು. ಆದರೆ ಇದರಲ್ಲಿ ಒಂದು ಅಪಾಯ ಅಡಗಿದೆ. ಕೆಲವು ವಾರ ಬಿಟ್ಟವನ ದೇಹ ತನ್ನ ಹಳೆಯ ತಾಳಿಕೆಯನ್ನು ಕಳೆದುಕೊಂಡಿರುತ್ತದೆ, ಮನಸ್ಸು ಮಾತ್ರ ಹಳೆಯ ಪ್ರಮಾಣವನ್ನು ಮರೆತಿರುವುದಿಲ್ಲ. ಜೈಲಿನಿಂದ ಅಥವಾ ಕೇಂದ್ರದಿಂದ ಹೊರಬಂದವನು ಮೊದಲಿನಷ್ಟೇ ಚುಚ್ಚಿಕೊಂಡರೆ ಉಸಿರಾಟ ನಿಲ್ಲುತ್ತದೆ. ಒಪಿಯಾಯ್ಡ್ ವ್ಯಸನಿಯ ಬದುಕಿನಲ್ಲಿ ಅತ್ಯಂತ ಅಪಾಯದ ದಿನಗಳು ಇವೇ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಈ ಲೆಕ್ಕವನ್ನು ಮುಂದಿಟ್ಟಿತು: ಬುಪ್ರೆನಾರ್ಫಿನ್ ಪಡೆಯುತ್ತಿರುವವರಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು 4.3 ಮಂದಿ ಸಾಯುತ್ತಾರೆ, ಅದನ್ನು ಬಿಟ್ಟವರಲ್ಲಿ ಸುಮಾರು 9.5 ಮಂದಿ. ಮೆಥಡೋನ್ ಎಂಬ ಇನ್ನೊಂದು ಬದಲಿ ಔಷಧದಲ್ಲಿ ಈ ವ್ಯತ್ಯಾಸ 11.3 ಮತ್ತು 36.1. “ಇದನ್ನು ನಿಲ್ಲಿಸಿಬಿಡಲೇ?” ಎಂಬ ತಂದೆಯ ಪ್ರಶ್ನೆಗೆ ಈ ಅಂಕಿಗಳಲ್ಲೇ ಅರ್ಧ ಉತ್ತರವಿದೆ.

ಉಳಿದರ್ಧ ಉತ್ತರ ನಮ್ಮ ಗ್ರಂಥಗಳಲ್ಲಿದೆ. ವಿಪರ್ಯಾಸವೆಂದರೆ ಧರ್ಮದ ಹೆಸರಿನಲ್ಲಿ ಈ ಔಷಧವನ್ನು ಪ್ರಶ್ನಿಸುವವರು ಆ ಪುಟಗಳನ್ನೇ ತೆರೆದು ನೋಡಿಲ್ಲ. ಅಫೀಮಿಗೆ ದಾಸನಾಗಿ, ಅದಿಲ್ಲದಿದ್ದರೆ ಜೀವವೇ ಹೋಗುವ ಸ್ಥಿತಿಗೆ ತಲುಪಿದವನ ವಿಧಿಯೇನು ಎಂಬ ಪ್ರಶ್ನೆ 16ನೆಯ ಶತಮಾನದಲ್ಲೇ ಮಕ್ಕಾದ ಶಾಫಿಈ ವಿದ್ವಾಂಸರಾದ ಇಬ್ನು ಹಜರ್ ಅಲ್ ಹೈತಮಿಯವರ ಮುಂದೆ ಬಂದಿತ್ತು. ಜೀವ ಹೋಗುವುದು ಖಚಿತವಾದರೆ ಅವನಿಗೆ ಅದು ಅನುಮತಿಸಲ್ಪಟ್ಟಿದೆ, ಅಷ್ಟೇ ಅಲ್ಲ, ಜೀವ ಉಳಿಸಿಕೊಳ್ಳಲು ಸೇವಿಸುವುದು ಕಡ್ಡಾಯ ಎಂಬುದು ಅವರ ಉತ್ತರದ ಸಾರ. ಹಸಿವಿನಿಂದ ಸಾಯುತ್ತಿರುವವನಿಗೆ ಸತ್ತ ಪ್ರಾಣಿಯ ಮಾಂಸ ಹೇಗೋ ಇದೂ ಹಾಗೆ ಎಂದರು. ಜೊತೆಗೆ, ದೇಹದ ಆ ಹಂಬಲ ಅಳಿಯುವವರೆಗೆ ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬರಬೇಕೆಂದೂ ವಿಧಿಸಿದರು. 19ನೆಯ ಶತಮಾನದ ಡಮಾಸ್ಕಸ್‌ನ ಹನಫಿ ವಿದ್ವಾಂಸರಾದ ಇಬ್ನು ಆಬಿದೀನ್ ತಮ್ಮ ‘ರದ್ದುಲ್ ಮುಹ್ತಾರ್’ನಲ್ಲಿ ಈ ಫತ್ವಾವನ್ನು ಉಲ್ಲೇಖಿಸಿದ್ದಾರೆ. ಕರಾವಳಿಯ ಶಾಫಿಈಗಳೂ ಬಯಲುಸೀಮೆಯ ಹನಫಿಗಳೂ ಒಂದೇ ಮಾತನ್ನು ಓದಬಹುದಾದ ಪುಟ ಅದು.

ಆ ಫತ್ವಾ ಅಫೀಮಿಗೆ ಪರವಾನಗಿ ನೀಡಲಿಲ್ಲ ಎಂಬುದನ್ನು ಗಮನಿಸಬೇಕು. ಅದು ಮನುಷ್ಯನನ್ನು ಮೊದಲು ಬದುಕಿಸಿತು, ಆಮೇಲೆ ಬಿಡಿಸುವ ದಾರಿ ತೋರಿಸಿತು. ಇಂದಿನ ಔಷಧವಂತೂ ಅಂದಿನ ಅಫೀಮಿಗಿಂತ ಹೆಚ್ಚು ಸುರಕ್ಷಿತ. ಅಮಲಿನ ಲಕ್ಷಣ ಬುದ್ಧಿ ಮಂಕಾಗುವುದು. ಸರಿಯಾದ ಪ್ರಮಾಣದಲ್ಲಿ ನೆಲೆಗೊಂಡ ರೋಗಿಯ ಬುದ್ಧಿ ಮಂಕಾಗುವುದಿಲ್ಲ. ಅವನು ದುಡಿಯುತ್ತಾನೆ, ಲೆಕ್ಕ ಬರೆಯುತ್ತಾನೆ, ಸಫ್ಫಿನಲ್ಲಿ ನಿಂತು ನಮಾಝ್ ಮಾಡುತ್ತಾನೆ. ಎಷ್ಟು ಕಾಲದಲ್ಲಿ ಪ್ರಮಾಣ ಇಳಿಸಬೇಕೆಂಬುದನ್ನು ಅವನ ಸ್ಥಿತಿಯನ್ನು ನೋಡಿ ವೈದ್ಯರು ನಿರ್ಧರಿಸಬೇಕು. ಕೆಲವರಿಗೆ ತಿಂಗಳುಗಳು, ಕೆಲವರಿಗೆ ಹಲವು ವರ್ಷಗಳು. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಎಂದು ನಿಲ್ಲಿಸುತ್ತೀರಿ ಎಂದು ನಾವು ಯಾರೂ ಮಸೀದಿಯ ಜಗಲಿಯಲ್ಲಿ ಕುಳಿತು ಕೇಳುವುದಿಲ್ಲ.

ಮುಸ್ಲಿಮ್ ದೇಶಗಳೂ ಈ ದಾರಿಯನ್ನು ತುಳಿದಿವೆ. ಇರಾನಿನ ನ್ಯಾಯಾಂಗದ ಮುಖ್ಯಸ್ಥರಾಗಿದ್ದ ಆಯತುಲ್ಲಾ ಶಾಹ್ರೂದಿಯವರು 2005ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿ, ವ್ಯಸನಿಗಳಿಗೆ ಮೆಥಡೋನ್ ಮತ್ತು ಶುದ್ಧ ಸೂಜಿ ನೀಡುವ ಕಾರ್ಯಕ್ಕೆ ಅಡ್ಡಿಪಡಿಸಬಾರದೆಂದು ನ್ಯಾಯಾಧೀಶರಿಗೆ ತಿಳಿಸಿದರು. ಮಲೇಷ್ಯಾ ಅದೇ 2005ರಲ್ಲಿ ಮೆಥಡೋನ್ ಕಾರ್ಯಕ್ರಮ ಆರಂಭಿಸಿತು. 2010ರಲ್ಲಿ ಕೌಲಾಲಂಪುರದ ಅರ್ರಹ್ಮಾನ್ ಮಸೀದಿಯಲ್ಲೇ, ಮಲಯಾ ವಿಶ್ವವಿದ್ಯಾಲಯದ ವೈದ್ಯರ ನೆರವಿನಿಂದ, ಮೆಥಡೋನ್ ವಿತರಣೆ ಶುರುವಾಯಿತು. ಔಷಧಕ್ಕೆಂದು ಬಂದವನಿಗೆ ಅಲ್ಲಿ ನಮಾಝ್ ಮತ್ತು ಧಾರ್ಮಿಕ ಮಾರ್ಗದರ್ಶನವೂ ಸಿಗುವಂತಾಯಿತು. ವ್ಯಸನಿಯ ಹೆಸರು ಕೇಳಿದರೆ ಚಪ್ಪಲಿ ಕಾಯ್ದುಕೊಳ್ಳುವ ನಮ್ಮ ಮಸೀದಿ ಕಮಿಟಿಗಳು ಈ ಸುದ್ದಿಯನ್ನು ಒಮ್ಮೆ ನಿಧಾನವಾಗಿ ಓದಬೇಕು. ಪಶ್ಚಿಮದಲ್ಲಿ ಫ್ರಾನ್ಸ್ ತನ್ನ ಸಾಮಾನ್ಯ ವೈದ್ಯರಿಗೆ 1990ರ ದಶಕದ ಮಧ್ಯಭಾಗದಲ್ಲಿ ಬುಪ್ರೆನಾರ್ಫಿನ್ ಬರೆಯುವ ಅಧಿಕಾರ ಕೊಟ್ಟಿತು. ನಾಲ್ಕೈದು ವರ್ಷಗಳೊಳಗೆ ಅಲ್ಲಿ ಅತಿಸೇವನೆಯ ಸಾವುಗಳು ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇಳಿದವು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಮೆಥಡೋನ್ ಮತ್ತು ಬುಪ್ರೆನಾರ್ಫಿನ್ ಎರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಸ್ವಾತಂತ್ರ್ಯಾನಂತರ ಸರಕಾರ ಅಫೀಮು ಸೇವನೆಯನ್ನು ಹಂತಹಂತವಾಗಿ ಇಳಿಸಲು ನಿರ್ಧರಿಸಿ, 1959ರ ಬಳಿಕ ನೋಂದಾಯಿತ ವ್ಯಸನಿಗಳಿಗೆ ವೈದ್ಯಕೀಯ ಕಾರಣಕ್ಕೆ ಮಾತ್ರ ಅಫೀಮು ನೀಡುವ ಪದ್ಧತಿ ತಂದಿತು. ಕಠಿಣವೆಂದು ಹೆಸರಾದ 1985ರ ಎನ್‌ಡಿಪಿಎಸ್ ಕಾಯ್ದೆಯ 71ನೆಯ ಕಲಮು ಕೂಡ ವ್ಯಸನಿಗಳ ಚಿಕಿತ್ಸಾ ಕೇಂದ್ರಗಳನ್ನು ತೆರೆಯಲು, ನೋಂದಾಯಿತ ವ್ಯಸನಿಗಳಿಗೂ ವೈದ್ಯಕೀಯ ಅಗತ್ಯವಿರುವವರಿಗೂ ಷರತ್ತಿನ ಮೇಲೆ ಇಂತಹ ಔಷಧ ಒದಗಿಸಲು ಸರಕಾರಕ್ಕೆ ಅಧಿಕಾರ ನೀಡುತ್ತದೆ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ 64ಎ ಕಲಮು ಅವನಿಗೆ ಶಿಕ್ಷೆಯಿಂದ ರಕ್ಷಣೆ ಕೊಡುತ್ತದೆ. ಪಾನನಿಷೇಧದ ಪರವಾಗಿ ನಾವು ಸದಾ ಎತ್ತಿ ಹೇಳುವ ಸಂವಿಧಾನದ 47ನೆಯ ವಿಧಿಯಲ್ಲೂ ಔಷಧದ ಉದ್ದೇಶಕ್ಕೆ ಸ್ಪಷ್ಟ ವಿನಾಯಿತಿ ಇದೆ. 2007ರಿಂದೀಚೆಗೆ ನ್ಯಾಕೋ ಈ ಬದಲಿ ಔಷಧ ಚಿಕಿತ್ಸೆಯನ್ನು ತನ್ನ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಭಾಗವಾಗಿ ನಡೆಸುತ್ತಿದೆ. ಅಲ್ಲಿ ರೋಗಿ ದಿನವೂ ಬಂದು ಸಿಬ್ಬಂದಿಯ ಕಣ್ಣೆದುರಿಗೆ ಔಷಧವನ್ನು ನಾಲಿಗೆಯ ಕೆಳಗಿಟ್ಟು, ಕರಗುವವರೆಗೆ ಕುಳಿತಿರಬೇಕು.

ಹಾಗಾದರೆ ಕೊರತೆ ಎಲ್ಲಿದೆ? ಕಾನೂನಿದೆ, ಔಷಧವಿದೆ, ಫತ್ವಾವೂ ಇದೆ. ಇಲ್ಲದಿರುವುದು ಸಾಮೀಪ್ಯ. ದಿನವೂ ಬೇಕಾದ ಔಷಧ 200 ಕಿಲೋಮೀಟರ್ ದೂರದಲ್ಲಿದ್ದರೆ ಅದು ಇದ್ದೂ ಇಲ್ಲದಂತೆ. ಬಿ.ದುರ್ಗ ಹೋಬಳಿಯ ಆ ತಂದೆ ಹದಿನೈದು ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಬರುತ್ತಾರೆ. ಒಂದು ದಿನದ ಕೂಲಿ, ಇಬ್ಬರ ಬಸ್ಸಿನ ಖರ್ಚು, ನೆರೆಹೊರೆಯವರಿಗೆ ಹೇಳಬೇಕಾದ ಒಂದು ಸುಳ್ಳು. ಒಂದು ಸಲ ತಪ್ಪಿದರೆ ಮಗ ಎಲ್ಲಿಗೆ ಹೋಗುತ್ತಾನೆಂದು ಅವರಿಗೆ ಗೊತ್ತು. ಕಾಳಸಂತೆಯ ಮಾತ್ರೆ ಹಳ್ಳಿಯ ಬಾಗಿಲಿಗೇ ಬರುತ್ತದೆ, ವೈದ್ಯರ ಮಾತ್ರೆಗೆ ಮಾತ್ರ ರಾಜಧಾನಿಗೆ ಹೋಗಬೇಕು ಎಂದಾದರೆ ಗೆಲ್ಲುವವರು ಯಾರು?

ಇದಕ್ಕೆ ಪರಿಹಾರ ನಮ್ಮ ನೆಲದಲ್ಲೇ ಇದೆ. ಮಾನಸಿಕ ರೋಗಿಗೆ ಚಿಕಿತ್ಸೆ ದೊಡ್ಡಾಸ್ಪತ್ರೆಯಲ್ಲೇ ಆಗಬೇಕೆಂಬ ನಂಬಿಕೆಯನ್ನು ಮುರಿದದ್ದು ಚಿತ್ರದುರ್ಗದ ನೆರೆಯ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮಾನಸಿಕ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಆ ‘ಬಳ್ಳಾರಿ ಮಾದರಿ’ಯೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. 2014ರಲ್ಲಿ ರಾಜ್ಯ ಸರಕಾರ ‘ಮನೋಚೈತನ್ಯ’ ಹೆಸರಿನಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುವ ಯೋಜನೆ ತಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯೆಂದೇ ಪರಿಗಣಿಸುತ್ತದೆ. ಅಂದರೆ ಚಿಕಿತ್ಸೆ ಅವರ ಹಕ್ಕು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಔಷಧ ಆರಂಭಿಸಿ, ತರಬೇತಾದ ದಾದಿಯೊಬ್ಬರು ದಿನವೂ ಕಣ್ಣೆದುರಿಗೆ ಕೊಡುವ ವ್ಯವಸ್ಥೆ ಮಾಡುವುದು ಅಸಾಧ್ಯದ ಮಾತಲ್ಲ. ಹೊಸ ಕಟ್ಟಡ ಬೇಡ. ಬೇಕಾದದ್ದು ಒಂದು ಬೀಗವಿರುವ ಕಪಾಟು, ಒಂದು ದಾಖಲೆ ಪುಸ್ತಕ ಮತ್ತು ಇಚ್ಛಾಶಕ್ತಿ.

ಈ ದಾರಿಯಲ್ಲಿ ಅಪಾಯಗಳೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಬುಪ್ರೆನಾರ್ಫಿನ್ ಕೂಡ ದುರ್ಬಳಕೆಯಾಗಬಲ್ಲುದು. 1990ರ ದಶಕದಲ್ಲಿ ಅದರ ಇಂಜೆಕ್ಷನ್ನೇ ದೇಶದ ಹಲವೆಡೆ ವ್ಯಸನವಾಗಿತ್ತು. 2017ರಲ್ಲಿ ಪಂಜಾಬ್ ಹೊರರೋಗಿ ಕೇಂದ್ರಗಳಲ್ಲಿ ಈ ಔಷಧ ನೀಡಲು ಆರಂಭಿಸಿದ ಬಳಿಕ ಕೆಲವು ಖಾಸಗಿ ಕೇಂದ್ರಗಳಿಂದ ಮಾತ್ರೆ ಹೊರಗೆ ಹರಿಯಿತೆಂಬ ದೂರುಗಳು ಬಂದವು. ಆದ್ದರಿಂದಲೇ ಇದು ಲಾಭದ ಅಂಗಡಿಗಳ ಕೈಗೆ ಹೋಗದೆ ಸರಕಾರಿ ಆಸ್ಪತ್ರೆಯ ಲೆಕ್ಕದಲ್ಲಿರಬೇಕು. ಮದ್ಯ ಅಥವಾ ನಿದ್ದೆ ಮಾತ್ರೆಯ ಜೊತೆ ಇದು ಸೇರಿದರೆ ಉಸಿರಾಟಕ್ಕೆ ಅಪಾಯ. ಹೆರಾಯಿನ್ ಇನ್ನೂ ದೇಹದಲ್ಲಿರುವಾಗಲೇ ಆರಂಭಿಸಿದರೆ ನರಳಾಟ ಒಮ್ಮೆಲೇ ಉಲ್ಬಣಿಸುತ್ತದೆ. ಮನೆಯಲ್ಲಿಟ್ಟರೆ ಮಕ್ಕಳ ಕೈಗೆ ಸಿಗಬಾರದು. ಗಾಂಜಾ, ಎಂಡಿಎಂಎ ಅಥವಾ ಮದ್ಯದ ವ್ಯಸನಕ್ಕೆ ಇದು ಮದ್ದಲ್ಲ. ಹೀಗಾಗಿ ನೆರೆಮನೆಯವನಿಗೆ ಗುಣವಾಯಿತೆಂದು ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ಪಡೆಯುವುದು ಜೀವಕ್ಕೆ ಕುತ್ತು. ಔಷಧವೊಂದೇ ಸಾಲದು, ಜೊತೆಗೆ ಸಮಾಲೋಚನೆ ಬೇಕು, ಕೆಲಸ ಬೇಕು, ಮನೆಯವರ ಆಸರೆ ಬೇಕು. ಆದರೆ ಈ ಎಲ್ಲ ಎಚ್ಚರಿಕೆಗಳೂ ಔಷಧವನ್ನು ಸರಿಯಾಗಿ ಕೊಡಬೇಕೆಂಬುದಕ್ಕೆ ವಾದಗಳೇ ಹೊರತು ಕೊಡಬಾರದೆಂಬುದಕ್ಕೆ ಅಲ್ಲ.

ನಮ್ಮ ರಾಜಕಾರಣಿಗಳಿಗೆ ಮಾತ್ರ ಇದರಲ್ಲಿ ಆಸಕ್ತಿಯಿಲ್ಲ. ಪ್ರತಿ ವರ್ಷ ಜೂನ್ 26 ಬಂದರೆ ಶಾಲಾ ಮಕ್ಕಳ ಮೆರವಣಿಗೆ, ಪ್ರತಿಜ್ಞೆ, ವಶಪಡಿಸಿಕೊಂಡ ಗಾಂಜಾದ ರಾಶಿಯ ಪಕ್ಕದಲ್ಲಿ ಛಾಯಾಚಿತ್ರ. 2020ರ ಆಗಸ್ಟ್ 15ರಂದು ‘ನಶಾ ಮುಕ್ತ ಭಾರತ’ ಅಭಿಯಾನವೂ ಆರಂಭವಾಯಿತು. 2018ರ ಏಪ್ರಿಲ್‌ನಲ್ಲಿ ಟ್ರಮಡಾಲ್ ಮಾತ್ರೆಯನ್ನು ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ತಂದದ್ದು ಅಗತ್ಯದ ಕ್ರಮವೇ. ಆದರೆ ಒಂದು ಮಾತ್ರೆಗೆ ಬೀಗ ಹಾಕಿದಾಗ ಅದಕ್ಕೆ ಒಗ್ಗಿಹೋದವನು ಎಲ್ಲಿಗೆ ಹೋಗಬೇಕೆಂದು ಯಾರೂ ಯೋಚಿಸದಿದ್ದರೆ ಅವನು ಮುಂದಿನ ಮಾತ್ರೆಗೆ ಹೋಗುತ್ತಾನೆ. ಸರಬರಾಜುದಾರನನ್ನು ಹಿಡಿಯುವುದು ಪೊಲೀಸರ ಕೆಲಸ. ರೋಗಿಯನ್ನು ಬದುಕಿಸುವುದು ಆರೋಗ್ಯ ಇಲಾಖೆಯ ಕೆಲಸ. ಮೊದಲನೆಯದು ಸುದ್ದಿಯಾಗುತ್ತದೆ, ಎರಡನೆಯದು ಆಗುವುದಿಲ್ಲ ಎಂಬುದೇ ಎರಡನೆಯದು ನಡೆಯದಿರಲು ಕಾರಣವಾಗಬಾರದು.

ಸಮುದಾಯದ ಪಾಲಿನ ತಪ್ಪನ್ನೂ ಮುಚ್ಚಿಡಬೇಕಾಗಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ನೆರೆಯ ಕೇರಳದಲ್ಲಿ ‘ನಾರ್ಕೋಟಿಕ್ ಜಿಹಾದ್’ ಎಂಬ ಪದ ಪ್ರಯೋಗವಾದಾಗ ನಾವೆಲ್ಲ ಖಂಡಿಸಿದೆವು. ಖಂಡಿಸಬೇಕಾದದ್ದೇ. ವ್ಯಸನಕ್ಕೆ ಧರ್ಮವಿಲ್ಲ. ಆದರೆ ವಿರೋಧಿಗಳ ಕೈಗೆ ಅಸ್ತ್ರ ಸಿಗುತ್ತದೆಂಬ ಭಯದಿಂದ ನಮ್ಮ ಮೊಹಲ್ಲಾಗಳ ಹುಡುಗರ ಕಾಯಿಲೆಯನ್ನೇ ಇಲ್ಲವೆಂದು ಸಾಧಿಸುವುದು ಯಾವ ಜಾಣತನ? ಮನೆಗೆ ಬೆಂಕಿ ಬಿದ್ದಾಗ ಹೊಗೆ ಬೀದಿಗೆ ಕಾಣಬಾರದೆಂದು ಕಿಟಕಿ ಮುಚ್ಚುವವನು ಒಳಗಿನವರನ್ನು ಉಸಿರುಗಟ್ಟಿಸುತ್ತಾನೆ.

ಆದ್ದರಿಂದ ಜಿಲ್ಲೆಯ ಜಮಾಅತ್‌ಗಳ ಮುಂದೆ ಕೆಲವು ಮಾತುಗಳನ್ನು ಇಡುತ್ತಿದ್ದೇವೆ. ಅಮಲಿನ ವಿರುದ್ಧ ಖುತ್ಬಾ ನೀಡುವ ಖತೀಬರು, ವೈದ್ಯರು ಬರೆದ ಔಷಧ ಅಮಲಲ್ಲ ಎಂಬ ಒಂದು ವಾಕ್ಯವನ್ನೂ ಅದರಲ್ಲಿ ಸೇರಿಸಲಿ. ಚಿಕಿತ್ಸೆಯಲ್ಲಿರುವವನನ್ನು ಜಮಾಅತ್‌ನಿಂದ ದೂರವಿಡುವ, ಅವನ ತಂಗಿಯ ಸಂಬಂಧ ಮುರಿಯುವ ಪದ್ಧತಿಗೆ ಹಿರಿಯರು ತಡೆಹಾಕಲಿ. ಬೈತುಲ್ ಮಾಲ್‌ನ ಒಂದು ಪಾಲು ಬೆಂಗಳೂರಿಗೆ ಹೋಗಿ ಬರುವ ಬಸ್ಸಿನ ಖರ್ಚಿಗೆ ಸಲ್ಲಲಿ. ಮತ್ತು ಎಲ್ಲ ಸಮುದಾಯಗಳ ತಂದೆತಾಯಿಯರ ಜೊತೆ ಸೇರಿ ಜಿಲ್ಲಾಧಿಕಾರಿಗಳಿಗೂ ಆರೋಗ್ಯಾಧಿಕಾರಿಗಳಿಗೂ ಶಾಸಕರಿಗೂ ಒಂದೇ ಬೇಡಿಕೆ ಇಡೋಣ: ಈ ಔಷಧ ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಸಿಗಬೇಕು.

ಅತಿಸೇವನೆಯಿಂದ ಸತ್ತ ಯುವಕನ ಜನಾಝಕ್ಕೆ ನಾವೆಲ್ಲ ತಪ್ಪದೆ ಬರುತ್ತೇವೆ, ಭುಜ ಕೊಡುತ್ತೇವೆ, ಅವನ ಪಾಪಗಳಿಗೆ ಕ್ಷಮೆ ಕೋರುತ್ತೇವೆ. ಅವನು ಬದುಕಿರುವಾಗ ಆಸ್ಪತ್ರೆಯ ಸಾಲಿನಲ್ಲಿ ಅವನ ಪಕ್ಕದಲ್ಲಿ ನಿಲ್ಲಲು ನಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದೇವೆ?